ಹ್ಯಾಂಗರಿನಲ್ಲಿ ಗೆದ್ದ ಯುದ್ಧ

ಶಿರಾಡಿಯಲ್ಲಿ ಗುಡ್ಡ ಕುಸಿದರೂ ವನಗೂರು ದಾಟಿ ಬಿಸಿಲೆ ಘಾಟಿ ಇಳಿಯುವ ದಾರಿಯೊಂದು ಉಳಿದಿರುತ್ತದೆ. 1942ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ತುಂಡರಿಸಿದಾಗ ಚೀನಾಕ್ಕೆ ಅಂಥ ಬದಲಿ ದಾರಿಯೂ ಇರಲಿಲ್ಲ. ಪೆಟ್ರೋಲು, ಮದ್ದುಗುಂಡು, ಬಿಡಿಭಾಗ ಎಲ್ಲವನ್ನೂ ಅಮೆರಿಕದವರು ಅಸ್ಸಾಮಿನಿಂದ ಕುನ್‌ಮಿಂಗ್‌ಗೆ ಹಿಮಾಲಯದ ಪೂರ್ವ ಅಂಚಿನ ಮೇಲೆ ಹಾರಿಸಿಕೊಂಡೇ ಒಯ್ಯಬೇಕಾಯಿತು. ‘ಹಂಪ್’ ಎಂದು ಹೆಸರಾದ ಆ ದಾರಿಯಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 6.5 ಲಕ್ಷ ಟನ್ ಸರಕು ಸಾಗಿತು, ಸುಮಾರು 600 ವಿಮಾನಗಳು ನಾಶವಾದವು. ಇದನ್ನು ಪೈಲಟ್‌ಗಳ ಎದೆಗಾರಿಕೆಯ ಕಥೆಯಾಗಿ ಹೇಳುವುದೇ ರೂಢಿ. ಎದೆಗಾರಿಕೆ ಇತ್ತು, ನಿಜ. ಆದರೆ ಅದು 1943ರಲ್ಲೂ ಇತ್ತು. ಆಗ ಬಿಡಿಭಾಗಗಳಿಲ್ಲದೆ, ಮೆಕ್ಯಾನಿಕ್‌ಗಳು ಸಾಲದೆ ಎಷ್ಟೋ ವಿಮಾನಗಳು ಕೆಸರಿನ ನಿಲ್ದಾಣಗಳಲ್ಲಿ ಸುಮ್ಮನೆ ನಿಂತಿದ್ದವು.

ನಿಂತ ವಿಮಾನವನ್ನು ಮತ್ತೆ ಹಾರಿಸುವ ಕೆಲಸದಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬಂಡವಾಳದ ನೆರವಿನೊಂದಿಗೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದಾಗ ವಿಮಾನ ತಯಾರಿಸುವುದೇ ಗುರಿ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಯುದ್ಧ ಆ ಗುರಿಯನ್ನೇ ತಿರುಗಿಸಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಸರಕು ವಿಮಾನ, ಬಾಂಬರ್, ಎಂಜಿನ್‌ಗಳನ್ನು ಬಿಚ್ಚಿ ಸರಿಪಡಿಸಿ ಕಳಿಸುವುದೇ ಅಲ್ಲಿನ ಸಾವಿರಾರು ಸ್ಥಳೀಯ ಕೆಲಸಗಾರರ ದಿನಚರಿಯಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗೆಂದು ಬೆಳ್ಳಂದೂರು ಕೆರೆಗೆ ಬರುತ್ತಿದ್ದವು. ಇಂದಿನ ಆ ಕೆರೆಯ ನೊರೆ ಕಂಡವರಿಗೆ ಇದು ಕಟ್ಟುಕಥೆ ಎನ್ನಿಸೀತು.

1944ರ ಸೆಪ್ಟೆಂಬರಿನಲ್ಲಿ ಹಂಪ್ ಹೊಣೆ ಹೊತ್ತ ವಿಲಿಯಂ ಟನರ್ ಈ ಬಗೆಯ ಕಾರ್ಖಾನೆ ಶಿಸ್ತನ್ನು ಅಸ್ಸಾಮಿನ ನಿಲ್ದಾಣಗಳಿಗೇ ತಂದರು. ಒಂದು ವಿಮಾನಕ್ಕೆ ಒಂದೇ ತಂಡ ಎಂಬ ಪದ್ಧತಿ ಹೋಯಿತು. ವಿಮಾನವನ್ನೇ ಒಂದು ಠಾಣೆಯಿಂದ ಇನ್ನೊಂದಕ್ಕೆ ಎಳೆದೊಯ್ಯುವುದು, ಪ್ರತಿ ಠಾಣೆಯ ತಂಡ ತನಗೊಪ್ಪಿಸಿದ ಕೆಲಸವನ್ನಷ್ಟೇ ಮಾಡುವುದು ಜಾರಿಗೆ ಬಂತು. 1943ರ ಡಿಸೆಂಬರಿನಲ್ಲಿ ತಿಂಗಳಿಗೆ 12,000 ಟನ್ ದಾಟಿದ್ದೇ ಸಾಧನೆಯಾಗಿತ್ತು. 1945ರ ಜುಲೈಯಲ್ಲಿ 71,000 ಟನ್ ಹೋಯಿತು. ಸಾಗಣೆ ಇಷ್ಟು ಏರಿದರೂ ಹಾರಾಟದ ಗಂಟೆಗಳ ಲೆಕ್ಕದಲ್ಲಿ ಅಪಘಾತ 1944ರ ಆರಂಭದಲ್ಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಇದೆಲ್ಲ ಶಿಸ್ತಿನ ಫಲ ಎಂಬುದಕ್ಕೆ ಆಕ್ಷೇಪ ಉಂಟು, ಹಗುರವಾದದ್ದೂ ಅಲ್ಲ. 1944ರ ಆಗಸ್ಟಿನಲ್ಲಿ ಮಿಚೀನಾ ಜಪಾನೀಯರ ಕೈತಪ್ಪಿದ್ದರಿಂದ ದಕ್ಷಿಣದ ತಗ್ಗು ದಾರಿ ತೆರೆಯಿತು. ನಾಲ್ಕು ಎಂಜಿನ್ನಿನ ಸಿ-54 ವಿಮಾನಗಳೂ ಬಂದವು. ಶ್ರೇಯಸ್ಸೆಲ್ಲ ಟನರ್‌ಗೆ ಸಲ್ಲದು. ಆದರೆ ಮುಂದೆ ಅವರೇ ಹೊಣೆ ಹೊತ್ತ ಬರ್ಲಿನ್ ವಿಮಾನ ಸಾಗಣೆಯಲ್ಲಿ ಪರ್ವತವಿರಲಿಲ್ಲ, ಗುಂಡು ಹಾರಿಸುವ ಶತ್ರುವೂ ಇರಲಿಲ್ಲ. ಹಾಗಿದ್ದೂ 1948ರ ಆಗಸ್ಟ್ 13ರಂದು ಮೋಡದೊಳಗೆ ವಿಮಾನಗಳು ಒಂದರ ಮೇಲೊಂದು ಸುತ್ತುತ್ತ ಸಿಕ್ಕಿಬಿದ್ದು ಸಾಗಣೆ ಕಂಗೆಟ್ಟಿತು. ಮೊದಲ ಯತ್ನದಲ್ಲಿ ಇಳಿಯಲಾಗದವರು ಸರಕಿನ ಸಮೇತ ಹಿಂದಿರುಗಬೇಕು ಎಂಬ ನಿಯಮವನ್ನು ಟನರ್ ಅಲ್ಲಿ ಬಿಗಿಗೊಳಿಸಿದರು. ಎದೆಗಾರಿಕೆಗೆ ಅವಮಾನದಂತೆ ಕಾಣುವ ನಿಯಮ. ಸಾಲು ಕೆಡದೆ ಸಾಗಿದ್ದು ಅದರಿಂದ. ಇದಕ್ಕೆ ವ್ಯತಿರಿಕ್ತವಾಗಿ, ಎರಡನೇ ಮಹಾಯುದ್ಧದಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಸುತ್ತುವರಿಯಲ್ಪಟ್ಟ ಜರ್ಮನ್ ಸೇನೆಗೆ ವಿಮಾನದಲ್ಲಿ ದಿನಕ್ಕೆ ಕನಿಷ್ಠ 300 ಟನ್ ಬೇಕಿತ್ತು, ಸರಾಸರಿಯಲ್ಲಿ ಅದರ ಅರ್ಧವೂ ತಲುಪಲಿಲ್ಲ. ಅಲ್ಲಿನ ಪೈಲಟ್‌ಗಳು ಹೇಡಿಗಳಾಗಿರಲಿಲ್ಲ.

ಎದೆಗಾರಿಕೆಯೇ ಮುಖ್ಯವೆಂದು 1947–48ರ ಕಾಶ್ಮೀರ ಯುದ್ಧದ ಲೇಹ್ ನೆನಪಿಸಿ ವಾದಿಸುವವರೂ ಇದ್ದಾರೆ. 1948ರ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅಷ್ಟೆತ್ತರಕ್ಕೆಂದು ಮಾಡಿರದ ಡಕೋಟಾವನ್ನು 10,000 ಅಡಿಗೂ ಮೇಲಿನ ಆ ನೆಲದಲ್ಲಿ ಇಳಿಸಿದರು. ಜೊತೆಗಿದ್ದವರು ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಆ ಸಾಹಸಕ್ಕೆ ಎರಡು ಮಾತಿಲ್ಲ. ಆದರೆ ಚಕ್ರ ತಾಗಲು ಅಲ್ಲೊಂದು ಪಟ್ಟಿ ಇದ್ದದ್ದು ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಊರವರನ್ನು ಕೂಡಿಸಿಕೊಂಡು ಅದನ್ನು ಹದಮಾಡಿದ್ದರಿಂದ. ವಿಮಾನಗಳು ಲೇಹ್ ಬೀಳದಂತೆ ಹಿಡಿದವು, ಅಷ್ಟೇ. ಪ್ರದೇಶವನ್ನು ಭದ್ರಪಡಿಸಲು ಅವು ಸಾಲವೆಂದು ತಿಮ್ಮಯ್ಯನವರಿಗೆ ಗೊತ್ತಿತ್ತು. ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕ್‌ಗಳು ನುಗ್ಗಿದವು. ಗೋಪುರ ಕಳಚಿ ಗುಟ್ಟಾಗಿ ಅವುಗಳನ್ನು ಅಲ್ಲಿಯವರೆಗೆ ತಂದಿದ್ದರು. ಅದೇ ತಿಂಗಳು ಕಾರ್ಗಿಲ್ ಕೈಸೇರಿ ಲೇಹ್‌ಗೆ ನೆಲದ ದಾರಿ ತೆರೆಯಿತು.