ಕುರ್ಚಿ ಹಾಕುವವರಿಗೂ ಒಂದು ಕುರ್ಚಿ

ನರಿಮೊಗರಿನಿಂದ ಕಾಲೇಜಿಗೆ ಬರುವ ನಾವು ಮೂವರು ಊರಿನ ಒಂದು ಸಂಘದಲ್ಲಿ ಹೆಸರಿಗೆ ಸದಸ್ಯರು. ಮೊಸರು ಕುಡಿಕೆ ಹತ್ತಿರ ಬಂದ್ರೆ ಫೋನ್ ಬರುತ್ತದೆ: "ಕುರ್ಚಿ ಹಾಕ್ಲಿಕ್ಕೆ ಬನ್ನಿ ಮಾರಾಯ್ರೆ." ಹೋಗ್ತೇವೆ, ಬಡಿಸ್ತೇವೆ, ಬರ್ತೇವೆ. ಮೀಟಿಂಗಿಗೆ ಮಾತ್ರ ಯಾರೂ ಕರೆಯುವುದಿಲ್ಲ. ಆಮೇಲೆ ಹಿರಿಯರ ದೂರು: "ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ."

ಹಾಗಾದ್ರೆ ನೂರು ವರ್ಷ ದಾಟಿದ ಸಂಸ್ಥೆಗಳು ಕಿರಿಯರನ್ನು ಹೇಗೆ ಉಳಿಸಿಕೊಂಡವು? ಪುತ್ತೂರಿನಲ್ಲೂ ಇರುವ ಎರಡನ್ನು ನೋಡೋಣ.

ಮೊದಲನೆಯದು ಜೇಸಿ. 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರುವಾದದ್ದು. ಇಲ್ಲಿ ಸದಸ್ಯತ್ವ 18ರಿಂದ 40 ವರ್ಷದವರಿಗೆ. ಹಾಗಾಗಿ ಅಧ್ಯಕ್ಷರೂ ಯುವಕರೇ, ಯುವತಿಯರೇ. ಆದರೆ ಅನುಭವ ಬಂದ ಹೊತ್ತಿಗೆ ಜಾಗ ಬಿಡಬೇಕು.

ಎರಡನೆಯದು ರೋಟರಿ. 1905ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಸದಸ್ಯರ ಆಫೀಸುಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದರಿಂದ ಆ ಹೆಸರು. ಇದು ಮೆಟ್ಟಿಲು ಕಟ್ಟಿತು: 12ರಿಂದ 18ರವರಿಗೆ ಇಂಟರಾಕ್ಟ್ (1962), 18 ತುಂಬಿದವರಿಗೆ ರೋಟರಾಕ್ಟ್ (1968), ಮೇಲೆ ರೋಟರಿ.

ಆದರೆ ಮೆಟ್ಟಿಲುಗಳ ನಡುವೆ ಒಂದು ಸಂದು ಇತ್ತು. 30 ದಾಟಿದರೆ ರೋಟರಾಕ್ಟ್ ಬಿಡಬೇಕಿತ್ತು. ಅದು ಕೆಲಸ, ಮದುವೆ, ಮನೆ ಸಾಲದ ವಯಸ್ಸು. ಆಗಲೇ ದೊಡ್ಡ ಶುಲ್ಕ ಕೊಟ್ಟು, ಅಪ್ಪನ ವಯಸ್ಸಿನವರ ನಡುವೆ ಕೂರುವುದು ಸುಲಭವಲ್ಲ. 2019ರಲ್ಲಿ ರೋಟರಿಯ ನಿಯಮ ರೂಪಿಸುವ ಮಂಡಳಿ ರೋಟರಾಕ್ಟ್ ಕ್ಲಬ್ಬುಗಳನ್ನೂ ಸಂಸ್ಥೆಯ ಸದಸ್ಯರೆಂದು ಒಪ್ಪಿತು. ಅಲ್ಲಿಯವರೆಗೆ ಅವು ರೋಟರಿ ನಡೆಸುವ ಒಂದು ಕಾರ್ಯಕ್ರಮ ಮಾತ್ರ. 2020ರ ಜುಲೈ 1ರಿಂದ 30ರ ಮಿತಿಯೂ ಹೋಯಿತು. ಈಗ ಎರಡೂ ಕ್ಲಬ್ಬುಗಳಲ್ಲಿ ಒಟ್ಟಿಗೆ ಇರಬಹುದು.

ಎರಡೂ ಕಡೆ ಸಮಾನವಾದ ಒಂದು ಪದ್ಧತಿ ಉಂಟು: ಅಧ್ಯಕ್ಷಗಿರಿ ಒಂದೇ ವರ್ಷ. ಪ್ರತಿ ವರ್ಷ ಹೊಸಬರ ಪದಗ್ರಹಣ. ರೋಟರಿಯಲ್ಲಂತೂ ಹಳಬರು ಸಂಘ ಬಿಡಬೇಕಾಗಿಲ್ಲ, ಕುರ್ಚಿ ಬಿಟ್ಟರೆ ಸಾಕು.

ನಮಗೆ ಅರ್ಥವಾದದ್ದು ಇಷ್ಟೇ: ಕಿರಿಯರು ಬರುವುದು ಕೆಲಸಕ್ಕಲ್ಲ, ನಿರ್ಧಾರದಲ್ಲಿ ಪಾಲು ಸಿಕ್ಕಿದರೆ. ಊರಿನ ಸಂಘದಲ್ಲಿ ಈ ಸಲ ಕೇಳುವುದೆಂದು ತೀರ್ಮಾನಿಸಿದ್ದೇವೆ: "ಅಣ್ಣ, ಆಟೋಟ ಸ್ಪರ್ಧೆಯ ಖರ್ಚು-ಲೆಕ್ಕ ಪೂರ್ತಿ ನಮಗೆ ಬಿಡಿ. ತಪ್ಪಿದರೆ ತಿದ್ದಲಿಕ್ಕೆ ನೀವು ಇದ್ದೀರಲ್ಲ."

ಇದನ್ನು ಬರೆಯುವಾಗ ಇನ್ನೊಂದು ನೆನಪಾಯಿತು. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಫಸ್ಟ್ ಇಯರ್‌ನವರನ್ನು ನಾವು ಕರೆದದ್ದು ಯಾಕೆ? ಬ್ಯಾನರ್ ಕಟ್ಟಲಿಕ್ಕೆ. ಮುಂದಿನ ಮೀಟಿಂಗಿಗೆ ಅವರನ್ನೂ ಕರೆಯೋಣ.