ಒಂದು ಹನಿ ನೀರಿನೊಳಗಿನ ಲೋಕ: ಸೂಕ್ಷ್ಮದರ್ಶಕ ಬಳಸುವ ಬಗೆ

ತಾಳಿಕೋಟೆ ಎಂದೊಡನೆ ನೆನಪಾಗುವುದು 1565ರ ಯುದ್ಧ. ಆದರೆ ವಿಜಯಪುರ ಜಿಲ್ಲೆಯ ಈ ಭಾಗದ ಜನರ ದಿನನಿತ್ಯದ ಹೋರಾಟವೆಲ್ಲ ನೀರಿಗಾಗಿ. ಪಕ್ಕದಲ್ಲೇ ಹರಿಯುವ ಡೋಣಿ ನದಿಯ ನೀರು ಉಪ್ಪು. ಬಯಲುಸೀಮೆಯ ಇತರ ಊರುಗಳಂತೆ ಇಲ್ಲಿಯೂ ಬಾವಿ, ಕೆರೆಗಳೇ ಬಹುಕಾಲ ಆಸರೆಯಾಗಿದ್ದವು.

ಬಾವಿಯ ನೀರು ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಲ್ಲ. ಉತ್ತರ ಕರ್ನಾಟಕದ ಹಲವೆಡೆ ಮೆಟ್ಟಿಲು ಬಾವಿಗಳ ನೀರು ಕುಡಿದವರನ್ನು ನಾರುಹುಣ್ಣು ಕಾಡುತ್ತಿತ್ತು. ರೋಗಿ ನೀರಿಗೆ ಕಾಲಿಟ್ಟಾಗ ಹುಣ್ಣಿನಿಂದ ಹೊರಬೀಳುವ ಮರಿಹುಳುಗಳನ್ನು ಸೈಕ್ಲೋಪ್ಸ್ ಎಂಬ ಪುಟ್ಟ ಜಲಜೀವಿ ನುಂಗುತ್ತದೆ. ಆ ನೀರು ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ನಂತರ ದಾರದಂತಹ ಉದ್ದನೆಯ ಹುಳು ಹೊರಬರುತ್ತದೆ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಜನರಿಗೆ ಕಲಿಸಿದ್ದರಿಂದ ರೋಗ ಅಳಿಯಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು.

ಬರೀ ಬಟ್ಟೆ ಇಷ್ಟು ದೊಡ್ಡ ಕೆಲಸ ಮಾಡಿದ್ದು ಹೇಗೆ? ಉತ್ತರ ಸೂಕ್ಷ್ಮದರ್ಶಕದಲ್ಲಿದೆ. ಸೈಕ್ಲೋಪ್ಸ್‌ನ ಉದ್ದ ಒಂದೆರಡು ಮಿಲಿಮೀಟರ್. ಬಿಗಿ ನೇಯ್ಗೆಯ ಬಟ್ಟೆಯನ್ನು ಅದು ದಾಟಲಾರದು. ಅದನ್ನು ನೋಡಲು ಶಾಲೆಯ ಸಾಧಾರಣ ಸೂಕ್ಷ್ಮದರ್ಶಕವೇ ಸಾಕು.

ಬೆಳಕು ಮೊದಲು, ವರ್ಧನೆ ನಂತರ

ಹೆಚ್ಚು ದೊಡ್ಡದಾಗಿ ತೋರಿಸಿದರೆ ಹೆಚ್ಚು ಕಾಣುತ್ತದೆ ಎಂಬುದು ಹೊಸಬರ ಸಾಮಾನ್ಯ ತಪ್ಪು ತಿಳಿವಳಿಕೆ. ಕಣ್ಣಿಡುವ ತುದಿಯಲ್ಲಿರುವುದು ನೇತ್ರ ಮಸೂರ, ವಸ್ತುವಿನ ಹತ್ತಿರ ಇರುವುದು ವಸ್ತು ಮಸೂರ. ಎರಡರ ಶಕ್ತಿಯನ್ನು ಗುಣಿಸಿದರೆ ಒಟ್ಟು ವರ್ಧನೆ ದೊರೆಯುತ್ತದೆ. ನೇತ್ರ ಮಸೂರ 10, ವಸ್ತು ಮಸೂರ 4 ಆದರೆ ಬಿಂಬ 40 ಪಟ್ಟು ದೊಡ್ಡದು. ವರ್ಧನೆ ಹೆಚ್ಚಿದಂತೆ ಕಾಣುವ ಜಾಗ ಕಿರಿದಾಗುತ್ತದೆ, ಬೆಳಕು ಕುಗ್ಗುತ್ತದೆ. 40 ಪಟ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರ್ ಅಗಲದ ಜಾಗ ಕಂಡರೆ, 400 ಪಟ್ಟಿನಲ್ಲಿ ಅರ್ಧ ಮಿಲಿಮೀಟರೂ ಕಾಣದು. ಆದ್ದರಿಂದ ಆರಂಭ ಯಾವಾಗಲೂ ಕಡಿಮೆ ಶಕ್ತಿಯ ಮಸೂರದಿಂದಲೇ ಆಗಬೇಕು.

ಉಪಕರಣವನ್ನು ಅಲುಗಾಡದ ಮೇಜಿನ ಮೇಲೆ, ಕಿಟಕಿಯ ಹತ್ತಿರ ಇಡಬೇಕು. ಕನ್ನಡಿ ಇರುವ ಮಾದರಿಗೆ ವಿದ್ಯುತ್ ಬೇಕಿಲ್ಲ. ತೆರೆದ ಆಕಾಶದ ಬೆಳಕು ಸಾಕು. ಆದರೆ ಕನ್ನಡಿಯನ್ನು ಎಂದಿಗೂ ನೇರವಾಗಿ ಸೂರ್ಯನತ್ತ ತಿರುಗಿಸಬಾರದು. ಕಣ್ಣಿಗೆ ಶಾಶ್ವತ ಹಾನಿಯಾದೀತು. ವೇದಿಕೆಯ ಕೆಳಗಿನ ರಂಧ್ರವನ್ನು ಕಿರಿದಾಗಿಸಿದರೆ ಪಾರದರ್ಶಕ ಜೀವಿಗಳ ಅಂಚು ಎದ್ದು ಕಾಣುತ್ತದೆ.

ಕೆಳಗಿಳಿಸುವುದು ಹೊರಗಿನಿಂದ ನೋಡಿ

ಕೆರೆಯ ಅಥವಾ ಬಾವಿಯ ಒಂದು ಹನಿ ನೀರನ್ನು ಗಾಜಿನ ಸ್ಲೈಡ್ ಮೇಲಿಟ್ಟು, ಕವರ್ ಸ್ಲಿಪ್ಪಿನ ಒಂದಂಚನ್ನು ಮೊದಲು ತಾಗಿಸಿ ನಿಧಾನವಾಗಿ ಮಲಗಿಸಬೇಕು. ಇಲ್ಲವಾದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪು ಅಂಚಿನ ದುಂಡನೆಯ ಗುಳ್ಳೆಯನ್ನೇ ಜೀವಿಯೆಂದು ಭಾವಿಸುವವರು ಅನೇಕ.

ನಂತರದ ಹೆಜ್ಜೆಯಲ್ಲೇ ಹೆಚ್ಚು ಸ್ಲೈಡುಗಳು ಒಡೆಯುತ್ತವೆ. ಬದಿಯಿಂದ ನೋಡುತ್ತಾ ದೊಡ್ಡ ತಿರುಪಿನಿಂದ ಮಸೂರವನ್ನು ಸ್ಲೈಡಿನ ಸಮೀಪಕ್ಕೆ ತರಬೇಕು. ಆಮೇಲೆ ಕಣ್ಣಿಟ್ಟು, ಮಸೂರ ಮತ್ತು ಸ್ಲೈಡಿನ ಅಂತರ ಹೆಚ್ಚುವಂತೆ ಮಾತ್ರ ತಿರುಗಿಸುತ್ತಾ ಬಿಂಬ ಹುಡುಕಬೇಕು. ಬಿಂಬ ಸಿಕ್ಕ ಮೇಲೆ ಸಣ್ಣ ತಿರುಪಿನಿಂದ ಸ್ಪಷ್ಟಗೊಳಿಸಬೇಕು. ದೊಡ್ಡ ಶಕ್ತಿಯ ಮಸೂರಕ್ಕೆ ಬದಲಿಸಿದ ಬಳಿಕ ದೊಡ್ಡ ತಿರುಪನ್ನು ಮುಟ್ಟಲೇಬಾರದು. ಬಿಂಬ ತಲೆಕೆಳಗಾಗಿರುವುದರಿಂದ ಸ್ಲೈಡನ್ನು ಎಡಕ್ಕೆ ಸರಿಸಿದರೆ ಜೀವಿ ಬಲಕ್ಕೆ ಓಡಿದಂತೆ ತೋರುತ್ತದೆ.

ಸೈಕ್ಲೋಪ್ಸ್ ಸಿಕ್ಕರೆ ಗುರುತಿಸುವುದು ಸುಲಭ. ಹಣೆಯ ನಡುವೆ ಒಂದೇ ಕಣ್ಣು, ಹೆಣ್ಣಾದರೆ ಬಾಲದ ಇಕ್ಕೆಲಗಳಲ್ಲಿ ಎರಡು ಮೊಟ್ಟೆಚೀಲ. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರೇ ಇದಕ್ಕೆ ಬಂದಿದೆ. ನೀರಿನ ಹನಿಯಲ್ಲಿ ಏನೂ ಸಿಗದಿದ್ದರೆ ಉಳ್ಳಾಗಡ್ಡಿಯ ಒಳಪದರದ ತೆಳು ಸಿಪ್ಪೆ ಇದ್ದೇ ಇದೆ. ಇಟ್ಟಿಗೆ ಜೋಡಿಸಿದಂತೆ ಅದರ ಕೋಶಗಳು ಕಾಣುತ್ತವೆ.

ಧೂಳಿನಿಂದ ಕಾಪಾಡಿ

ಸ್ಲೈಡ್ ಸರಿಸಿದರೂ ಕದಲದ ಚುಕ್ಕೆ ಕಂಡರೆ ನೇತ್ರ ಮಸೂರವನ್ನು ತಿರುಗಿಸಿ ನೋಡಬೇಕು. ಚುಕ್ಕೆಯೂ ತಿರುಗಿದರೆ ಕೊಳೆ ಅಲ್ಲೇ ಇದೆ. ಮಸೂರವನ್ನು ಅಂಗಿಯ ಅಂಚಿನಿಂದ ಒರೆಸಬಾರದು. ಧೂಳನ್ನು ಊದಿ ತೆಗೆದು, ಮಸೂರ ಒರೆಸುವ ಕಾಗದವನ್ನೇ ಬಳಸಬೇಕು. ಕೆಲಸ ಮುಗಿದ ಮೇಲೆ ಸ್ಲೈಡ್ ತೆಗೆದು, ಕಡಿಮೆ ಶಕ್ತಿಯ ಮಸೂರವನ್ನು ಕೆಳಮುಖವಾಗಿಸಿ, ಹೊದಿಕೆ ಹಾಕಬೇಕು. ಕೆರೆ ನೀರು ಮುಟ್ಟಿದ ಕೈ ತೊಳೆಯುವುದನ್ನು ಮರೆಯಬಾರದು.

ಒಂದು ಎಚ್ಚರಿಕೆಯೂ ಅಗತ್ಯ. ಹನಿಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಆ ನೀರು ಕುಡಿಯಲು ಯೋಗ್ಯವೆಂದಲ್ಲ. ಕಾಲರಾ, ವಿಷಮಶೀತ ಜ್ವರದ ರೋಗಾಣುಗಳು ಬಟ್ಟೆಯನ್ನೂ ದಾಟುತ್ತವೆ, ಈ ಮಸೂರಕ್ಕೂ ಸಿಗುವುದಿಲ್ಲ. ಕರಗಿದ ಫ್ಲೋರೈಡ್ ಅಂತೂ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದು. ಅವುಗಳಿಗೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಆದರೆ ಸೋಸಿ, ಕುದಿಸಿ ಕುಡಿಯಬೇಕೆಂಬ ಮಾತು ಕೇವಲ ಉಪದೇಶವಲ್ಲ ಎಂಬುದನ್ನು ಮಗು ತಾನೇ ಕಂಡು ಅರಿಯಲು, ಬೀಗ ಹಾಕಿದ ಕಪಾಟಿನಿಂದ ಆ ಸೂಕ್ಷ್ಮದರ್ಶಕ ಹೊರಬಂದರೆ ಸಾಕು.