ಬಂಡೆಯೊಳಗಿನ ಪಯಣ

ಹಾಸನಕ್ಕೆ ಸಮೀಪದಲ್ಲಿರುವ ಮೊಸಳೆ ಗ್ರಾಮವು ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಎಂಬ ಜೋಡಿ ದೇವಾಲಯಗಳಿಂದ ಹೆಸರಾಗಿದೆ. ಅಲ್ಲಿಗೆ ಹೋದ ನಾವು ಶಿಲ್ಪಿಯು ಕಲ್ಲಿನ ಮೇಲೆ ಮಾಡಿದ ಕೆಲಸವನ್ನು ಕಂಡು ಬೆರಗಾಗುತ್ತೇವೆ. ನೆಲದಡಿಯ ಕಲ್ಲಿನೊಳಗೆ ನೀರು ನಡೆಸುತ್ತಿರುವ ಕೆಲಸವೂ ಸ್ವಾರಸ್ಯವಾದುದೇ. ಊರ ಬಾವಿಯ ಹಿತವು ಅದನ್ನು ಅವಲಂಬಿಸಿದೆ.

ಹಾಸನ ಜಿಲ್ಲೆಯ ಬಹುಭಾಗದ ತಳದಲ್ಲಿರುವುದು ನೈಸ್ ಎಂಬ ಅತಿ ಪ್ರಾಚೀನ ಶಿಲೆ. ಮರಳಿನಲ್ಲಿ ಇಂಗುವಂತೆ ನೀರು ಇದರಲ್ಲಿ ಎಲ್ಲೆಡೆಯೂ ಇಂಗದು. ಮೇಲಿನ ಶಿಥಿಲ ಪದರವನ್ನು ದಾಟಿದ ಬಳಿಕ ಬಿರುಕುಗಳೇ ಅದಕ್ಕೆ ದಾರಿ. ಬಿರುಕಿನ ಅಗಲವು ಇಮ್ಮಡಿಯಾದರೆ ಅದರಲ್ಲಿ ಹರಿಯುವ ನೀರು ಸುಮಾರು ಎಂಟು ಮಡಿಯಾಗುವುದು. ಒಂದು ಕೊಳವೆಬಾವಿಯಲ್ಲಿ ನೀರು ಸಮೃದ್ಧವಾಗಿದ್ದು ಪಕ್ಕದ್ದು ಬರಿದಾಗಿರುವುದಕ್ಕೆ ಇದೇ ಕಾರಣ.

ಹಿತ್ತಲಿನ ತಿಪ್ಪೆಯಿಂದಲೋ ಗೊಬ್ಬರ ಹಾಕಿದ ಹೊಲದಿಂದಲೋ ನೈಟ್ರೇಟು ಮಳೆನೀರಿನಲ್ಲಿ ಕರಗಿ ಕೆಳಗಿಳಿಯಿತೆನ್ನೋಣ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 45 ಮಿಲಿಗ್ರಾಂ ಮೀರಬಾರದೆಂಬುದು ಭಾರತದ ಮಾನಕ. ಮೀರಿದರೆ ಹಸುಗೂಸುಗಳಿಗೆ ಅಪಾಯ. ಹಾಗಾದರೆ ಅದು ಬಾವಿಯನ್ನು ಎಂದು ಮುಟ್ಟೀತು?

ಇಲ್ಲಿ ಮೂರು ಕ್ರಿಯೆಗಳನ್ನು ಗಮನಿಸಬೇಕು. ಮೊದಲನೆಯದು, ಹರಿಯುವ ನೀರು ಅದನ್ನು ಹೊತ್ತೊಯ್ಯುವುದು. ನೆಲದೊಳಗಿನ ಹರಿವಿನ ಮೂಲನಿಯಮವನ್ನು ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಎರಡನೆಯದು ಚದರಿಕೆ: ಅಗಲವಾದ ಬಿರುಕಿಗೆ ಸಿಕ್ಕಿದ ಅಂಶವು ಮುಂದೋಡುವುದು, ಇಕ್ಕಟ್ಟಾದುದಕ್ಕೆ ಸಿಕ್ಕಿದುದು ಹಿಂದುಳಿಯುವುದು. ಮೂರನೆಯದು ವಿಸರಣ: ನಿಂತ ನೀರಿನಲ್ಲಿಯೂ ಕರಗಿದ ವಸ್ತುವು ಸಾಂದ್ರತೆ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ತಾನಾಗಿ ಹರಡುವುದು. ಇದರ ನಿಯಮವು 1855ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್‌ನಿಂದ ಬಂದಿತು.

ವಿಸರಣವು ಬಹು ನಿಧಾನ. ನಿಶ್ಚಲವಾದ ನೀರಿನಲ್ಲಿ ಒಂದು ದಿನಕ್ಕೆ ಅದು ಸಾಗುವುದು ಸುಮಾರು 1.3 ಸೆಂಟಿಮೀಟರು. ಒಂದು ವರ್ಷದಲ್ಲಿ ಇದರ 365 ಪಟ್ಟು ಸಾಗೀತೆಂದು ಎಣಿಸಿದರೆ ತಪ್ಪು. ದೂರವು ಕಾಲದ ವರ್ಗಮೂಲದಂತೆ ಬೆಳೆಯುವುದರಿಂದ ಕೇವಲ 19 ಪಟ್ಟು, ಎಂದರೆ ಸುಮಾರು 25 ಸೆಂಟಿಮೀಟರು. ಬಂಡೆಯ ಸೂಕ್ಷ್ಮರಂಧ್ರಗಳಲ್ಲಿ ಇನ್ನೂ ಕಡಿಮೆ.

ಆದರೆ ಈ ಮಂದಗಾಮಿಯೇ ನಮ್ಮನ್ನು ಹೆಚ್ಚು ಕಾಡುವುದು. ಬಿರುಕಿನ ನೀರಿನಲ್ಲಿರುವ ನೈಟ್ರೇಟು ಎರಡೂ ಮಗ್ಗುಲಿನ ಬಂಡೆಯ ರಂಧ್ರಗಳೊಳಕ್ಕೆ ಮೆಲ್ಲಮೆಲ್ಲನೆ ಸೇರುವುದು. ಮುಂದೆ ತಿಪ್ಪೆಯನ್ನು ತೆಗೆದು ಬಿರುಕಿನಲ್ಲಿ ಶುದ್ಧ ನೀರು ಹರಿದಾಗ, ಒಳಗೆ ಅಡಗಿದ್ದುದು ಅಷ್ಟೇ ಮೆಲ್ಲಗೆ ಹೊರಬರುವುದು. ಕೊಟ್ಟಿದ್ದನ್ನು ಬಂಡೆಯು ಬಹುಕಾಲ ಮರಳಿಸುತ್ತಿರುವುದು.

ಇದನ್ನೆಲ್ಲ ಲೆಕ್ಕಕ್ಕೆ ತರಲು ವಿಜ್ಞಾನಿಗಳು ಗಣಿತದ ಮಾದರಿಯನ್ನು ಕಟ್ಟುತ್ತಾರೆ. ನೆಲವನ್ನು ಕಾಗದದ ಮೇಲೆ ಸಾವಿರಾರು ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅಂಗಡಿಯ ಜಮಾಖರ್ಚಿನಂತೆ ಲೆಕ್ಕವಿಡುವರು: ಒಳಬಂದುದರಲ್ಲಿ ಹೊರಹೋದುದನ್ನು ಕಳೆದರೆ ಉಳಿದುದು ಶೇಖರಣೆ. ಗುಣಾಕಾರದ ಶ್ರಮವನ್ನು ಗಣಕಯಂತ್ರವು ವಹಿಸಿಕೊಳ್ಳುವುದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಲ್ಲಿಯ ತಳವೂ ಗಟ್ಟಿ ಶಿಲೆಯೇ. ಕೆರೆಯಲ್ಲಿ ಕರಗಿದುದು ಕೊಳವೆಬಾವಿಗೆ ಎಂದು, ಎಷ್ಟು ಬಂದೀತೆಂಬುದು ಇಂಥ ಲೆಕ್ಕವನ್ನೇ ಕೇಳುವ ಪ್ರಶ್ನೆ.

ಆದರೆ ಬಿರುಕುಗಳನ್ನು ಕಣ್ಣಾರೆ ಕಂಡವರಿಲ್ಲ. ಆದುದರಿಂದ ಮಾದರಿಯ ಉತ್ತರವನ್ನು ಬಾವಿಯ ನೀರಿನ ಪರೀಕ್ಷೆಯೊಡನೆ ಮೇಲಿಂದ ಮೇಲೆ ಹೋಲಿಸಿ ತಿದ್ದಬೇಕು. ತಿಪ್ಪೆಯನ್ನು ಬಾವಿಯಿಂದ ದೂರವಿಡುವುದು ಒಂದು ದಿನದ ಕೆಲಸ. ಬಂಡೆಯನ್ನು ಹೊಕ್ಕ ಕಲ್ಮಷವನ್ನು ತೊಳೆಯಲು ಒಂದು ತಲೆಮಾರೂ ಸಾಲದೆ ಹೋಗಬಹುದು.